ಆಗ್ಬೇಕಿದ್ದ ಅತ್ತೆ

ನಾಗಮಂಗಲದ ಒಂದು ಆಸ್ಪತ್ರೆಯಲ್ಲಿ ರಕ್ತ ತೆಗೆಯುವುದು ನನ್ನ ಕೆಲಸ. ಬೆಳಗ್ಗೆ ನಮ್ಮ ಲ್ಯಾಬಿನ ಮುಂದೆ ಸಾಲು ನಿಲ್ಲುವವರಲ್ಲಿ ಮುಕ್ಕಾಲು ಪಾಲು ಸಕ್ಕರೆ ಕಾಯಿಲೆಯವರು. ಖಾಲಿ ಹೊಟ್ಟೆಯಲ್ಲಿ ಬಂದಿರುತ್ತಾರೆ, ಅದಕ್ಕೇ ಎಲ್ಲರಿಗೂ ಮೂಗಿನ ತುದಿಯಲ್ಲೇ ಕೋಪ. ಆ ಸಾಲನ್ನು ಸರಿಸಿಕೊಂಡು, ಕೈಚೀಲ ಎದೆಗವುಚಿಕೊಂಡು, “ವಸಿ ಜಾಗ ಬುಡ್ರವ್ವ, ನನ್ನ ಆಗ್ಬೇಕಿದ್ದ ಸೊಸೆ ಒಳಗವ್ಳೆ” ಅನ್ನುತ್ತ ಒಬ್ಬರು ಮುಂದೆ ಬರುತ್ತಿದ್ದರು. ಬರೀ ಸೊಸೆ ಅಂದಿದ್ದರೆ ಜನ “ಯಾರ ಸೊಸೆಯಾದ್ರೇನು, ಸಾಲಲ್ಲಿ ಬಾ” ಅನ್ನುತ್ತಿದ್ದರು. ಆಗ್ಬೇಕಿದ್ದ ಸೊಸೆ ಅಂದರೆ ಏನು ಎಂದು ಅವರು ಯೋಚಿಸುವಷ್ಟರಲ್ಲಿ ಈ ಯಮ್ಮ ನನ್ನ ಮೇಜಿನ ಮುಂದೆ ಕೂತು ತೋಳು ಚಾಚಿ ಆಗಿರುತ್ತಿತ್ತು.

ಅವರ ಹೆಸರು ಬೇಡ. ಬರೆದರೆ ಕಿಕ್ಕೇರಿ ಕಡೆಯವರಿಗೆಲ್ಲ ಗೊತ್ತಾಗಿಬಿಡುತ್ತದೆ, ಆಮೇಲೆ ಬಸ್ಸಿನಲ್ಲಿ ಸಿಕ್ಕವರೆಲ್ಲ ನನ್ನನ್ನು ನಿಲ್ಲಿಸಿಕೊಂಡು ಕೇಳುತ್ತಾರೆ. ಕಿಕ್ಕೇರಿಯಲ್ಲೂ ಸಕ್ಕರೆ ನೋಡುತ್ತಾರೆ, ಕೆ.ಆರ್. ಪೇಟೆಯಲ್ಲೂ ನೋಡುತ್ತಾರೆ. ಅದೆಲ್ಲ ಬಿಟ್ಟು, ಪೇಟೆಯಲ್ಲಿ ಬಸ್ಸು ಬದಲಾಯಿಸಿಕೊಂಡು ನಾಗಮಂಗಲಕ್ಕೇ ಬರಬೇಕು ಈ ಯಮ್ಮನಿಗೆ. ಕೇಳಿದರೆ, “ಅಲ್ಲಿ ಚುಚ್ಚೋರು ಯಾರೋ ಏನೋ. ಚುಚ್ಚಿಸ್ಕೊಳದಾದ್ರೆ ನಮ್ಮೋರ ಕೈಲೇ ಚುಚ್ಚಿಸ್ಕೋಬೇಕು” ಅನ್ನುತ್ತಿದ್ದರು.

ಸೂಜಿ ಚುಚ್ಚುವಾಗ ಸಾಮಾನ್ಯವಾಗಿ ಜನ ಮುಖ ಆಚೆ ತಿರುಗಿಸುತ್ತಾರೆ, ಇಲ್ಲವೇ ಸೂಜಿಯನ್ನೇ ನೋಡುತ್ತಾರೆ. ಇವರು ನನ್ನ ಬಾಯಿ ನೋಡುತ್ತಿದ್ದರು. ನಾನು ಏನು ಅಂತ ಕರೆಯುತ್ತೇನೆ ಎಂದು ಕಾಯುವುದು. ನಾನು ಏನೂ ಅಂತ ಕರೆಯುತ್ತಿರಲಿಲ್ಲ. “ಬಂದ್ರಾ? ಏನೂ ತಿಂದಿಲ್ಲ ತಾನೆ? ಮುಷ್ಟಿ ಕಟ್ಟಿ. ಬಿಡಿ. ಹತ್ತಿ ಒತ್ತಿ ಹಿಡ್ಕೊಳ್ಳಿ.” ನಮ್ಮ ಭಾಷೆಯಲ್ಲಿ ಒಬ್ಬರನ್ನು ಅಕ್ಕ, ಅತ್ತೆ, ಅವ್ವ ಏನೂ ಅನ್ನದೆ ವರ್ಷಗಟ್ಟಲೆ ಮಾತಾಡಬಹುದು, ನಾನು ಮಾಡಿ ನೋಡಿದ್ದೇನೆ. ಅವರು ಹತ್ತಿ ಒತ್ತಿಕೊಂಡು ಎದ್ದು, “ಇವತ್ತೂ ಬಾಯಿಗೆ ಬರ್ನಿಲ್ಲ ನೋಡು ಇವ್ಳಿಗೆ” ಎಂದು ಸಾಲಿನವರಿಗೆಲ್ಲ ಕೇಳುವ ಹಾಗೆ ಹೇಳಿ ಹೋಗುತ್ತಿದ್ದರು. ಒಂದೇ ಒಂದು ಸಲ ಅತ್ತೆ ಅನ್ನಿಸಿಕೊಳ್ಳಬೇಕು, ಅಷ್ಟೇ ಅವರಿಗೆ ಬೇಕಾಗಿದ್ದದ್ದು.

ನಮ್ಮಪ್ಪನ ಮನೆ ಪಾಂಡವಪುರದ ಹತ್ತಿರ, ನಾಲೆ ಬಯಲು. ಲ್ಯಾಬ್ ಕೋರ್ಸು ಮುಗಿಸಿದ ವರ್ಷ ಕಿಕ್ಕೇರಿ ಕಡೆಯಿಂದ ಗಂಡು ಬಂತು. ಇವರ ಒಬ್ಬನೇ ಮಗ. ನೋಡುವುದಕ್ಕೆ ಚೆನ್ನಾಗಿದ್ದ, ಮಾತು ಕಮ್ಮಿ. ತಾಂಬೂಲ ಆದ ಮೇಲೆ ಒಂದು ಸಲ ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ ಕಬ್ಬಿನ ಹಾಲು ಕೊಡಿಸಿದ್ದ. ತನ್ನದನ್ನು ಕುಡಿಯದೆ ನಾನು ಕುಡಿದು ಮುಗಿಸುವ ತನಕ ಲೋಟ ಹಿಡಿದುಕೊಂಡೇ ನಿಂತಿದ್ದ. ನನ್ನ ಮನಸ್ಸಿಗೆ ಬಂದಿದ್ದ, ಅದನ್ನು ಮುಚ್ಚಿಟ್ಟು ಏನಾಗಬೇಕು. ಅವನಿಗಿಂತ ಮುಂಚೆ ಅವರಮ್ಮನೇ ಮನಸ್ಸಿಗೆ ಬಂದಿದ್ದರು ಅಂದರೂ ಸುಳ್ಳಲ್ಲ. ಹೆಣ್ಣು ನೋಡಲು ಬಂದ ದಿನ ಹಾಡು ಬರುತ್ತದಾ, ರಂಗೋಲಿ ಬರುತ್ತದಾ ಅಂತ ಕೇಳದೆ, “ಕೋಪ ಬಂದ್ರೆ ಏನ್ಮಾಡೀಯೆ?” ಎಂದು ಕೇಳಿದ್ದರು. “ಮಾತು ಬಿಡ್ತೀನಿ” ಅಂದೆ. “ನಾನು ಬುಡಕ್ಕಿಲ್ಲ, ಇನ್ನೂ ಜಾಸ್ತಿ ಆಡ್ತೀನಿ. ಸರೋಯ್ತು ಬುಡು, ಇಬ್ರಿಗೂ ಒಂದಾಣಿಕೆ ಆಯ್ತದೆ” ಎಂದು ಜೋರಾಗಿ ನಕ್ಕಿದ್ದರು.

ಪತ್ರಿಕೆ ಅಚ್ಚಾಗಿ ಬಂತು. ನಮ್ಮಲ್ಲಿ ಮೊದಲ ಲಗ್ನಪತ್ರಿಕೆಯನ್ನು ಮನೆದೇವರ ಮುಂದೆ ಇಡಬೇಕು, ಆಮೇಲೇ ಊರಿಗೆ ಹಂಚುವುದು. ನಮ್ಮ ಮನೆದೇವರ ಗುಡಿ ಬೂಕನಕೆರೆ ಹತ್ತಿರ, ರಾಗಿ ಹೊಲದ ಮಧ್ಯ. ಅಪ್ಪ, ಅವ್ವ, ನಾನು ಟೆಂಪೋದಲ್ಲಿ ಹೋಗಿ ಇಳಿದರೆ ಗುಡಿ ಮುಂದೆ ಆಗಲೇ ಇನ್ನೊಂದು ಟೆಂಪೋ ನಿಂತಿದೆ. ನೋಡಿದರೆ ಗಂಡಿನ ಕಡೆಯವರು! “ಅರೆ, ಬೀಗ್ರೂ ಬಂದವ್ರೆ!” ಅಂತ ಅಪ್ಪನಿಗೆ ಸಂತೋಷ. ಅವರಿಗೂ ಸಂತೋಷ. ನಮ್ಮ ಜೊತೆಗಿರಲಿ ಅಂತ ಅವರು ಬಂದಿದ್ದಾರೆ ಅಂತ ನಾವು, ಅವರ ಜೊತೆಗಿರಲಿ ಅಂತ ನಾವು ಬಂದಿದ್ದೇವೆ ಅಂತ ಅವರು ತಿಳಿದುಕೊಂಡಿದ್ದೆವು. ಈ ಯಮ್ಮ ಮಲ್ಲಿಗೆ ಮೊಳ ಹಿಡಿದುಕೊಂಡು ನನ್ನ ತಲೆಗೆ ಮುಡಿಸಲು ಬರುತ್ತಿದ್ದರು. ಅಷ್ಟರಲ್ಲಿ ಪೂಜಾರಿ ಎರಡೂ ಕಡೆಯ ತಟ್ಟೆ ತೆಗೆದುಕೊಂಡು, ಎರಡೂ ಕಡೆಯ ಹಿರೀಕರ ಹೆಸರು ಕೇಳಿ, ಹಾಗೇ ನಿಂತುಬಿಟ್ಟ. “ಅಲ್ಲ ಕಣ್ರಪ್ಪ, ನೀವಿಬ್ರೂ ಒಂದೇ ಒಕ್ಕಲು. ಅಣ್ಣತಮ್ಮದೀರು. ಎಂಗ್ ಎಣ್ಣು ಕೊಟ್ಟು ತಂದ್ಕೊಂಡೀರಿ?”

ಆಗಿದ್ದು ಇಷ್ಟು. ಗಂಡಿನ ತಾತ ಬೂಕನಕೆರೆ ಕಡೆಯವರು. ಕಿಕ್ಕೇರಿಗೆ ಮನೆ ಅಳಿಯನಾಗಿ ಹೋದವರು ಹೆಂಡತಿ ಮನೆಯ ದೇವರಿಗೇ ನಡೆದುಕೊಂಡು ಬಂದರು. ಮಕ್ಕಳು ಮೊಮ್ಮಕ್ಕಳಿಗೂ ಅದೇ ಮನೆದೇವರಾಯಿತು. ಸಂಬಂಧ ಕೇಳುವಾಗ ಯಾವ ದೇವರ ಒಕ್ಕಲು ಅಂದರೆ ಅದನ್ನೇ ಹೇಳಿದ್ದರು. ಮೊದಲ ಪತ್ರಿಕೆ ಮೂಲದ ದೇವರಿಗೆ ಇಡಿ ಅಂತ ಯಾರೋ ಮುದುಕರು ಜ್ಞಾಪಿಸಿದ್ದಕ್ಕೆ ಇಲ್ಲಿಗೆ ಬಂದಿದ್ದರು. ಒಂದೇ ದೇವರ ಒಕ್ಕಲೆಂದರೆ ಒಂದೇ ರಕ್ತ, ಗಂಡು ಹೆಣ್ಣು ಅಣ್ಣ ತಂಗಿ. ಆ ದೇವರ ಮುಂದೆಯೇ ನಿಂತುಕೊಂಡು ಇಲ್ಲ ಅನ್ನುವ ಹಾಗಿರಲಿಲ್ಲ.

ಜಗಳ ಆಗಿದ್ದರೆ ಚೆನ್ನಾಗಿರುತ್ತಿತ್ತು. ಯಾರನ್ನಾದರೂ ಬಯ್ಯಬಹುದಿತ್ತು. ಯಾರೂ ಯಾರಿಗೂ ಮೋಸ ಮಾಡಿರಲಿಲ್ಲ, ಎಲ್ಲರೂ ತಲೆ ತಗ್ಗಿಸಿಕೊಂಡು ನಿಂತಿದ್ದರು. ಹುಡುಗ ಟೆಂಪೋ ಹತ್ತಿ ಆಚೆ ಮುಖ ಮಾಡಿ ಕೂತ. ಇವರು ಮಾತ್ರ ಕೈಯಲ್ಲಿದ್ದ ಮಲ್ಲಿಗೆಯನ್ನು ನನ್ನ ತಲೆಗೆ ಮುಡಿಸಿಯೇ ಹೋದರು. ನನಗೆ ಆ ದಿನ ಅಳು ಬರಲಿಲ್ಲ. ಮಾರನೆ ದಿನವೂ ಬರಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದಾಗ ದವಡೆ ಮರಗಟ್ಟಿರುತ್ತದಲ್ಲ, ಹಾಗಿತ್ತು. ಅದು ಇಳಿಯಲೇ ಇಲ್ಲ, ಈಗಲೂ ಇಳಿದಿದೆ ಅಂತ ಹೇಳಲಾರೆ.

ಅಪ್ಪ ವಾಪಸ್ಸು ಬರುವಾಗಲೇ ವರಸೆ ಹಾಕಿ ಮುಗಿಸಿದ್ದರು. “ಇನ್ಮೇಕೆ ಅವ್ರು ನಿಂಗೆ ದೊಡ್ಡವ್ವ ಆಗ್ಬೇಕು. ಉಡುಗ ಅಣ್ಣ. ಅಂಗೇ ಕರಿ, ಮನ್ಸೂ ಅಗುರಾಯ್ತದೆ.” ಸ್ವಲ್ಪ ದಿನದ ಮೇಲೆ ಕೆ.ಆರ್. ಪೇಟೆಯ ಸಂತೆಯಲ್ಲಿ ಇವರು ಎದುರಾದಾಗ ಅಪ್ಪ ನನ್ನ ಭುಜ ತಟ್ಟಿ, “ದೊಡ್ಡವ್ವನ್ನ ಮಾತಾಡ್ಸವ್ವ” ಅಂದರು. ನಾನು ಬಾಯಿ ತೆಗೆಯುವುದಕ್ಕೆ ಮೊದಲೇ ಈ ಯಮ್ಮ ಗುಡುಗಿದರು: “ಯಾರಪ್ಪ ದೊಡ್ಡವ್ವ? ದೊಡ್ಡವ್ವದೀರು ಊರ್ ತುಂಬ ಅವ್ರೆ. ನಾನು ಇವ್ಳ ಆಗ್ಬೇಕಿದ್ದ ಅತ್ತೆ. ಮದ್ವೆ ನಿಲ್ಸು ಅಂತ ದ್ಯಾವ್ರು ಅಂದ, ನಿಲ್ಸುದ್ವಿ. ಆಗ್ಬೇಕಿದ್ದದ್ನೂ ಕಿತ್ಕೊಳೋ ಅಂತ ಅಂದಿದ್ನಾ?” ಅಪ್ಪ ಬದನೆಕಾಯಿ ಆರಿಸಲು ಕೂತರು.

ಅಂದಿನಿಂದ ಆ ಮಾತು ಅವರ ಬಾಯಲ್ಲಿ ನಿಂತುಹೋಯಿತು. ನನ್ನ ಮದುವೆ ನಾಗಮಂಗಲಕ್ಕೆ ಆಯಿತು. ನಮ್ಮೆಜಮಾನರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಆ ಮದುವೆಗೂ ಬಂದರು. ನೀವು ಯಾರ ಕಡೆಯವರು ಎಂದು ಕೇಳಿದವರಿಗೆ, “ಎಣ್ಣಿನ್ ಕಡೇನೂ ಅಲ್ಲ, ಗಂಡಿನ್ ಕಡೇನೂ ಅಲ್ಲ, ಆಗ್ಬೇಕಿದ್ದ ಕಡೆಯೋಳು. ಎಲೆ ಎಲ್ಲಾಕಿದ್ದೀರೋ ಏಳಿ” ಅಂದರಂತೆ. ನಮ್ಮ ಯಜಮಾನರನ್ನು “ಆಗ್ಬೇಕಿದ್ದ ಸೊಸೆ ಗಂಡ” ಅನ್ನುತ್ತಿದ್ದರು. ಅವರು ಗ್ರೀಸು ಮೆತ್ತಿದ ಕೈ ಒರೆಸಿಕೊಂಡು ನಗುತ್ತಿದ್ದರು. ಕೋಪ ಮಾಡಿಕೊಳ್ಳುವ ಜನವೇ ಅಲ್ಲ.

ಹಾಗಂತ ಸಿಕ್ಕಿದ್ದಕ್ಕೆಲ್ಲ ಆ ಮಾತು ಅಂಟಿಸುವವರಲ್ಲ. ಅವರಿಗೆ ಅದಕ್ಕೊಂದು ಕಟ್ಟಳೆ ಇತ್ತು. ಒಂದು ದಿನ ಲ್ಯಾಬಿನ ಮುಂದಿನ ಬೆಂಚಿನ ಮೇಲೆ ಪಕ್ಕದವಳು ಗೋಳಾಡುತ್ತಿದ್ದಳು, ನನ್ನ ಮಗ ಡಾಕ್ಟ್ರಾಗ್ಬೇಕಿತ್ತು, ಅಂಗಡೀಲಿ ಪೊಟ್ಟಣ ಕಟ್ತಾವ್ನೆ ಅಂತ. ಇವರು ಹತ್ತಿ ಒತ್ತಿಕೊಂಡೇ ವಿಚಾರಣೆ ಶುರು ಮಾಡಿದರು.

“ಡಾಕ್ಟ್ರು ಕಾಲೇಜ್ಗೆ ಸೇರಿದ್ನಾ?”

“ಎಲ್ ಸೇರ್ತನವ್ವ, ಪಿಯುಸೀಲೆ ಓಯ್ತು.”

“ಅಂಗಾರೆ ಅದು ಆಗ್ಬೇಕಿದ್ದದ್ದಲ್ಲ ಕನವ್ವ. ಅದು ಆಸೆ. ಆಗ್ಬೇಕಿದ್ದದ್ದು ಅಂದ್ರೆ ಒಸ್ಲುಗಂಟ ಬಂದಿರ್ಬೇಕು. ಒಳೀಕೆ ಒಂದು ಕಾಲು ಇಡೋದೊಂದು ಬಾಕಿ ಇರ್ಬೇಕು.”

ಆ ಹೆಂಗಸಿಗೆ ಅವಮಾನವಾಯಿತೋ ಏನೋ, ಸೆರಗು ಕೊಡವಿಕೊಂಡು ಬೇರೆ ಬೆಂಚಿಗೆ ಹೋದಳು. ಇವರಿಗೆ ಯಾರ ಮನಸ್ಸು ನೋಯುತ್ತದೆ ಅನ್ನುವ ಗೊಡವೆ ಇರಲಿಲ್ಲ, ಮಾತು ಸರಿಯಾಗಿರಬೇಕು ಅಷ್ಟೆ. ಆಗಬಹುದಿತ್ತು ಅಂತ ಯಾರಾದರೂ ಕೊರಗಿದರೆ ಸಿಡುಕುತ್ತಿದ್ದರು. ಆಗಲಿಲ್ಲವಲ್ಲ ಬಿಡು ಅಂದರೂ ಸಿಡುಕುತ್ತಿದ್ದರು. ಹೊಸ್ತಿಲ ತನಕ ಬಂದು ನಿಂತದ್ದನ್ನು ಒಳಗೂ ಕರೆಯಲಾಗದು, ಆಚೆಗೂ ಅಟ್ಟಬಾರದು, ಅಲ್ಲೇ ಒಂದು ಮಣೆ ಹಾಕಿ ಕೂರಿಸಬೇಕು. ಅದು ಅವರ ಲೆಕ್ಕ.

ಅವರೂ ಒಬ್ಬರು ಆಗ್ಬೇಕಿದ್ದ ಟೀಚರಮ್ಮ. ಮದುವೆಯಾದ ಹೊಸದರಲ್ಲಿ ಊರಿನ ಬಾಲವಾಡಿಗೆ ಸೇರಿಸಿಕೊಳ್ಳುತ್ತೇವೆ ಅಂದಿದ್ದರಂತೆ. ಹೊಸ ಸೀರೆ ಉಟ್ಟು, ಜಡೆ ಹಾಕಿಕೊಂಡು ಹೊರಟ ಬೆಳಗ್ಗೆಯೇ ಗಂಡನಿಗೆ ಎತ್ತು ತಿವಿಯಿತು. ಆಸ್ಪತ್ರೆ, ಆರೈಕೆ ಅಂತ ಗಂಡ ಎದ್ದು ಓಡಾಡುವ ಹೊತ್ತಿಗೆ ಆ ಜಾಗಕ್ಕೆ ಇನ್ನೊಬ್ಬರು ಬಂದಿದ್ದರು. ಇದನ್ನು ಅವರು ಅಳುತ್ತ ಹೇಳಲಿಲ್ಲ, ಪಲ್ಯಕ್ಕೆ ಒಗ್ಗರಣೆ ಹಾಕುವುದು ಹೇಗೆ ಅಂತ ಹೇಳುವ ಹಾಗೆ ಹೇಳಿದರು. ಯೂನಿಫಾರಂ ಹಾಕಿದ ಮಕ್ಕಳು ರಸ್ತೆ ದಾಟುವಾಗ ಮಾತ್ರ ನಿಂತು ನೋಡುತ್ತಿದ್ದರು. “ನನ್ನ ಆಗ್ಬೇಕಿದ್ದ ಮಕ್ಳು. ತಲೆ ಬಾಚ್ದೆ ಕಳ್ಸವ್ರೆ ನೋಡು” ಎಂದು ಬೈದುಕೊಳ್ಳುತ್ತಿದ್ದರು.

ಒಂದು ವರ್ಷ ಪಿತೃಪಕ್ಷದಲ್ಲಿ ಶ್ರೀರಂಗಪಟ್ಟಣದಲ್ಲಿ ಸಿಕ್ಕಿದರು. ನಾನು ಅಪ್ಪನ ಕಾರ್ಯಕ್ಕೆ ಅಂತ ಹೊಳೆಗೆ ಹೋಗಿದ್ದೆ, ಅವರು ಗಂಡನ ಕಾರ್ಯಕ್ಕೆ ಬಂದಿದ್ದರು. ಬಸ್ ಸ್ಟ್ಯಾಂಡಿಗೆ ಒಂದೇ ಆಟೋದಲ್ಲಿ ಹೊರಟೆವು. ಆಟೋದವರು ಬಿಳಿ ಗಡ್ಡದ ಸಾಬರು. ಅತ್ತೆ ಸೊಸೆಯಾ ಅಂತ ಅವರು ಕೇಳಿದ್ದೇ ತಡ, ಇವರು ಕತೆ ಪೂರಾ ಬಿಚ್ಚಿ, ಕೊನೆಗೆ, “ನಿಮ್ ಮಾತಲ್ಲಿ ಇದ್ಕೆ ಏನಂತೀರಪ್ಪ?” ಎಂದು ಕೇಳಿದರು.

“ಹೋನೇವಾಲಿ ಬಹೂ ಅಂತೀವಿ ಅಮ್ಮಾ.”

“ಅಂಗಂದ್ರೆ?”

“ಮುಂದೆ ಸೊಸೆ ಆಗೋಳು ಅಂತ.”

“ಅಲ್ಲ ಕಣಪ್ಪ. ಇವ್ಳು ಮುಂದ್ಕೂ ಆಗಕ್ಕಿಲ್ಲ.”

ಸಾಬರು ಸಂತೆಬೀದಿ ದಾಟುವ ತನಕ ಯೋಚಿಸಿದರು. ಗಾಡಿ ನಿಲ್ಲಿಸಿ ಹಿಂದಕ್ಕೆ ತಿರುಗಿ, “ಇಲ್ಲ ಅಮ್ಮಾ, ನಂಗ್ ಗೊತ್ತಿರೋ ಹಂಗೆ ಅದಕ್ಕೆ ಮಾತಿಲ್ಲ. ಆಗ್ಲಿಲ್ಲ ಅಂದ್ರೆ ನಸೀಬು ಅಂದ್ಬುಟ್ಟು ಸುಮ್ನಾಯ್ತೀವಿ” ಅಂದರು. “ನೀವೇ ಸುಕವಾಗಿದ್ದೀರಿ ಬುಡಿ” ಅಂದರು ಇವರು. ಬಸ್ಸಿಗೆ ಕಾಯುವಾಗ ನನ್ನ ಕೈ ಹಿಡಿದುಕೊಂಡು ಕೂತರು. ನಾನು ಬಿಡಿಸಿಕೊಳ್ಳಲಿಲ್ಲ, ಹಿಡಿದುಕೊಳ್ಳಲೂ ಇಲ್ಲ. ಅವರ ಕೈ ಒರಟಾಗಿ ಬೆಚ್ಚಗಿತ್ತು ಅನ್ನುವುದು ನೆನಪಿದೆ, ನನಗೆ ಏನನ್ನಿಸಿತು ಅನ್ನುವುದು ನೆನಪಿಲ್ಲ.

ಇನ್ನು ನಮ್ಮತ್ತೆ. ಅಂದರೆ ನಿಜವಾಗಿ ಆದ ಅತ್ತೆ, ನಮ್ಮ ಯಜಮಾನರ ತಾಯಿ. ಮೊದಮೊದಲು ಇವರ ಹೆಸರೆತ್ತಿದರೆ ಉರಿದು ಬೀಳುತ್ತಿದ್ದರು. “ಯಾವ್ಳೇ ಅವ್ಳು? ಆಗ್ಬೇಕಿದ್ದೋಳಂತೆ, ಆಗ್ಬೇಕಿದ್ದೋಳು. ನಾನೇನು ಸತ್ತೋಗಿದ್ದೀನಾ?” ಒಂದು ದಿನ ಇವರು ಆಸ್ಪತ್ರೆಯಿಂದ ನೇರ ನಮ್ಮ ಮನೆಗೇ ಬಂದರು. ಸಂಜೆ ನಾನು ಡ್ಯೂಟಿ ಮುಗಿಸಿ ಬಂದು ನೋಡಿದರೆ ಇಬ್ಬರೂ ಜಗಲಿ ಮೇಲೆ ಕಾಲು ಚಾಚಿಕೊಂಡು ಎಲೆಯಡಿಕೆ ಹಾಕುತ್ತಿದ್ದಾರೆ. ನಮ್ಮತ್ತೆ ಹೇಳುತ್ತಿದ್ದರು, “ಲೇ, ನಾನು ಅತ್ತೆ ಆಗಿ ಒದ್ದಾಡ್ತಾವ್ನಿ, ನೀನು ಆಗ್ದೆ ಮೆರೀತಿದ್ದೀಯಲ್ಲೆ. ಇವ್ಳು ಬಾಯ್ಬುಟ್ಟು ಮಾತಾಡಕ್ಕಿಲ್ಲ, ಮನೇಲಿ ಅಬ್ಬ ಆದ್ರೂ ಅಷ್ಟೇ, ಸಾವಾದ್ರೂ ಅಷ್ಟೇ, ಒಂದೇ ಮಖ.” ಇವರು ಸುಣ್ಣ ಸವರುತ್ತ, “ಕ್ವಾಪ ಬಂದ್ರೆ ಮಾತು ಬುಡ್ತೀನಿ ಅಂತ ಅವತ್ತೇ ಏಳಿದ್ಲು ಕನಕ್ಕ, ಕ್ವಾಪ ಯಾರ್ ಮ್ಯಾಲೆ ಅಂತ ಅವ್ಳಿಗೇ ತಿಳೀದು” ಅಂದರು. ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಕಾಫಿಗೆ ಇಟ್ಟೆ. ಅಂದಿನಿಂದ ಅವರಿಬ್ಬರೂ ಒಂದಾಗಿಬಿಟ್ಟರು, ನನ್ನ ದೂರು ಹೇಳಿಕೊಳ್ಳುವುದಕ್ಕೆ ಇಬ್ಬರಿಗೂ ಜನ ಸಿಕ್ಕಿತು.

ನನಗೆ ಹೆದರಿಕೆ ಇದ್ದದ್ದು ಇನ್ನೊಬ್ಬಳ ಬಗ್ಗೆ. ಅವರ ಮಗನಿಗೂ ಮದುವೆಯಾಗಿತ್ತು. ಆ ಹುಡುಗಿಗೆ, ಆದ ಸೊಸೆಗೆ, ದಿನ ಬೆಳಗಾದರೆ ಆಗ್ಬೇಕಿದ್ದ ಸೊಸೆಯ ಮಾತು ಕೇಳಿ ಎಷ್ಟು ಉರಿಯುತ್ತಿರಬೇಡ ಅಂದುಕೊಂಡಿದ್ದೆ. ಒಂದು ಸಲ ಅತ್ತೆಯನ್ನು ಕರೆದುಕೊಂಡು ಅವಳೇ ಲ್ಯಾಬಿಗೆ ಬಂದಳು. ತೆಳ್ಳಗೆ, ನಗುಮುಖ, ನನಗಿಂತ ಚಿಕ್ಕವಳು. ಅತ್ತೆ ಒಳಗೆ ಕೂತಿದ್ದಾಗ ನನ್ನನ್ನು ಬಾಗಿಲ ಪಕ್ಕಕ್ಕೆ ಕರೆದಳು. ಈಗ ಬಂತು ನೋಡು ಅಂದುಕೊಂಡೆ.

“ಅಕ್ಕ, ನೀವಿರದ್ರಿಂದ ನಂಗೆ ಸಲೀಸಾಗದೆ” ಅಂದಳು.

“ಯಾಕೆ?”

“ಸಾರ್ಗೆ ಉಪ್ಪು ಜಾಸ್ತಿ ಆದ್ರೆ ನನ್ನ ಬಯ್ಯಕ್ಕಿಲ್ಲ ಅಕ್ಕ. ‘ಆಗ್ಬೇಕಿದ್ದೋಳು ಬಂದು ಉಪ್ಪಾಕ್ಬುಟ್ಟು ಓದ್ಲು’ ಅಂತಾರೆ. ಆಲು ಉಕ್ಕುದ್ರೂ ನೀವೇ, ಕೋಳಿಗೂಡು ಮುಚ್ಚೋದ್ ಮರೆತ್ರೂ ನೀವೇ. ನಂಗೆ ಇಲ್ಲೀಗಂಟ ಒಂದು ಕೆಟ್ಟ ಮಾತಾಡಿಲ್ಲ. ಎಲ್ಲಾ ನಿಮ್ಗೇ.”

ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ನಾನೂ ನಗಬೇಕಿತ್ತು, ನಗು ಬರಲಿಲ್ಲ. ಕಿಕ್ಕೇರಿಯ ಆ ಅಡುಗೆಮನೆಯಲ್ಲಿ ನಾನು ಒಲೆಯ ಮುಂದೆ ನಿಂತು ಬೈಸಿಕೊಳ್ಳುತ್ತಿರುವುದು ಕಣ್ಣಿಗೆ ಕಟ್ಟಿತು. ಆಮೇಲೆ ಸಾಲಿನಲ್ಲಿದ್ದವರು ಕೂಗಿದರು, ಹೋಗಿ ಅವರ ರಕ್ತ ತೆಗೆದೆ.

ಹೋದ ಬೇಸಿಗೆಯಲ್ಲಿ ಅವರು ಬರುವುದು ನಿಂತಿತು. ಕಾಲು ಬಾತುಕೊಂಡಿದೆ, ಬಸ್ಸು ಹತ್ತಲಾಗುವುದಿಲ್ಲ ಅಂತ ಸೊಸೆ ಫೋನ್ ಮಾಡಿದಳು. ಆಮೇಲೆ ಮುದುಕಮ್ಮನ ಕೈಗೆ ಫೋನ್ ಕೊಟ್ಟಳು. ಬರೀ ಉಸಿರು ಕೇಳುತ್ತಿತ್ತು. ನಾನು ಬಾಯಿ ಬಿಡಲಿ ಅಂತ ಕಾಯುತ್ತಿದ್ದರು. “ಮಾತ್ರೆ ತಗೊಂಡ್ರಾ?” ಅಂತ ಕೇಳಿದೆ. “ಊಂ ಕನವ್ವ, ತಗೊಂಡಿವ್ನಿ” ಅಂದರು. ಅದೇ ಕೊನೆ ಮಾತು.

ಸುದ್ದಿ ಬಂದಾಗ ನಾನು ಯಾರದೋ ಶೀಷೆಗೆ ಚೀಟಿ ಅಂಟಿಸುತ್ತಿದ್ದೆ. ಸರಿ ಅಂದು, ಅಂಟಿಸಿ, ಮಿಕ್ಕವರದೂ ತೆಗೆದು, ರಜೆ ಬರೆದುಕೊಟ್ಟು ಮನೆಗೆ ಬಂದೆ. ನಮ್ಮತ್ತೆ ಆಗಲೇ ಅತ್ತು ಕಣ್ಣು ಕೆಂಪು ಮಾಡಿಕೊಂಡು, ಸೀರೆ ಬದಲಾಯಿಸಿಕೊಂಡು ಕೂತಿದ್ದರು. ನನ್ನ ಮುಖ ನೋಡಿ, “ಅದೇ ಮಖ” ಅಂದರು. ಕಿಕ್ಕೇರಿಗೆ ಹೋಗುವ ತನಕ ಬಸ್ಸಿನ ಕಿಟಕಿಯಾಚೆ ನೋಡಿದೆ. ಎಲ್ಲೋ ಕಬ್ಬು ಕಡಿಯುತ್ತಿದ್ದರು, ಎಲ್ಲೋ ಮನೆಗೆ ತಾರಸಿ ಹಾಕುತ್ತಿದ್ದರು. ಎಲ್ಲ ಕಾಣುತ್ತಿತ್ತು, ಯಾವುದೂ ಒಳಕ್ಕೆ ಇಳಿಯುತ್ತಿರಲಿಲ್ಲ.

ನಮ್ಮ ಕಡೆ ಸಾವಿನ ಮನೆಗೆ ಹೋಗುವ ಹೆಂಗಸರು ಬೀದಿಯ ತಿರುವಿನಿಂದಲೇ ದನಿ ತೆಗೆಯಬೇಕು. ಏನಂತ ಕೂಗಿ ಅಳುತ್ತಾಳೆ ಅನ್ನುವುದರ ಮೇಲೆಯೇ ಬಂದವಳು ಯಾರು ಅಂತ ಒಳಗಿದ್ದವರಿಗೆ ಗೊತ್ತಾಗುವುದು. ನಮ್ಮತ್ತೆ ತಿರುವಿಗೆ ಬರುತ್ತಿದ್ದಂತೆ “ನನ್ ತಂಗೀ… ನನ್ ಜೊತೇಲಿ ಎಲೆಯಡ್ಕೆ ಆಕ್ತಿದ್ದ ತಂಗೀ…” ಎಂದು ಎದೆ ಹಿಡಿದುಕೊಂಡು ಕೂಗಿದರು. ಚಪ್ಪರದ ಕೆಳಗಿದ್ದ ಹೆಂಗಸರು ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆದೆ. ದನಿ ಹೊರಡಲಿಲ್ಲ, ಕಣ್ಣೂ ಒದ್ದೆಯಾಗಲಿಲ್ಲ. ಓದಿದವಳಲ್ಲವಾ, ನಾಚಿಕೆ ಇರಬೇಕು ಅಂತ ಯಾರೋ ಪಿಸುಗುಟ್ಟಿದರು. ಮಗ ಕಂಬಕ್ಕೊರಗಿ ನಿಂತಿದ್ದ, ತಲೆಯೆಲ್ಲ ನರೆತಿತ್ತು. ನನ್ನನ್ನು ನೋಡಿ ಕೈಮುಗಿದ. ಅವನನ್ನು ನೋಡಿದರೂ ನನಗೆ ಏನೂ ಅನ್ನಿಸಲಿಲ್ಲ.

ಹೆಣಕ್ಕೆ ನೀರು ಹಾಕುವ ಹೊತ್ತಾಯಿತು. ಮನೆಯ ಮುಂದೆ ಸೀರೆ ಅಡ್ಡ ಹಿಡಿದು, ಹಲಗೆಯ ಮೇಲೆ ಅವರನ್ನು ಒರಗಿಸಿದ್ದರು. ಹಂಡೆಯಲ್ಲಿ ನೀರು ಕಾದಿತ್ತು. ಎಲ್ಲ ನೋಡಿಕೊಳ್ಳುತ್ತಿದ್ದ ಒಬ್ಬ ಅಜ್ಜಿ, “ಎಣ್ಣುಮಕ್ಳು, ಸೊಸೆದೀರು ಇದ್ರೆ ಬನ್ನಿ. ಮಿಕ್ಕೋರು ಇಂದಕ್ಕೆ ಸರೀರವ್ವ” ಎಂದಳು. ನಾನು ಹಿಂದಕ್ಕೆ ಸರಿದೆ. ಸೊಸೆ ಎದ್ದು ಬಂದು ನನ್ನ ಮಣಿಕಟ್ಟು ಹಿಡಿದುಕೊಂಡಳು.

“ಇವ್ಳು ಏನಾಗ್ಬೇಕು?” ಅಜ್ಜಿ ಕೇಳಿದಳು.

ಹೆಂಗಸರ ನಡುವಿನಿಂದ ಯಾರೋ ತಿಳಿದವರು ಹೇಳಿದರು, “ಬುಡಜ್ಜಿ, ಪರವಾಗಿಲ್ಲ. ಒಂದೇ ಒಕ್ಕಲಿನೋರು. ವರಸೇಲಿ ಮಗ್ಳಾಗ್ಬೇಕು, ಉಯ್ಬೋದು.”

ಅಜ್ಜಿ ತಲೆಯಾಡಿಸಿದಳು. ಅಲ್ಲಿಗೆ ಸರಿಹೋಗಿತ್ತು. ಮಗಳು ಅಂದರೆ ಯಾರ ತಕರಾರೂ ಇರಲಿಲ್ಲ, ನಾನೂ ಮಾತಾಡಬೇಕಾಗಿರಲಿಲ್ಲ. ನನ್ನ ಮಣಿಕಟ್ಟು ಹಿಡಿದಿದ್ದವಳು ಮಾತ್ರ ಬಿಡಲಿಲ್ಲ. ಅತ್ತು ಅತ್ತು ದನಿ ಬಿದ್ದುಹೋಗಿತ್ತು ಅವಳಿಗೆ.

“ಮಗ್ಳಲ್ಲ ಕನಜ್ಜಿ. ಸೊಸೆ. ನಾವಿಬ್ರು ಸೊಸೆದೀರು” ಅಂದಳು.

ಅಜ್ಜಿ ಅವಳನ್ನೂ ನನ್ನನ್ನೂ ನೋಡಿದಳು. ನಮ್ಮತ್ತೆ ಅಳು ನಿಲ್ಲಿಸಿದರು. “ಅಂಗಾರೆ ಇನ್ನೇನು ನಿಂತಿದ್ದೀರಿ, ನೀರು ಆರೋಯ್ತದೆ” ಎಂದು ಅಜ್ಜಿ ನನ್ನ ಕೈಗೆ ಚೆಂಬು ಕೊಟ್ಟಳು.

ಸೊಸೆ ತಲೆಗೆ ಸೀಗೇಪುಡಿ ಹಚ್ಚಿ ತಿಕ್ಕಿದಳು. ಕೂದಲು ತೆಳ್ಳಗಾಗಿತ್ತು, ನೊರೆ ಹಣೆಯ ಮೇಲಿಂದ ಇಳಿಯುತ್ತಿತ್ತು. ನಾನು ಹಂಡೆಯಿಂದ ನೀರು ಮೊಗೆದು, ಬೆರಳು ಅದ್ದಿ ಬಿಸಿ ನೋಡಿ, ಇನ್ನೊಂದು ಕೈಯನ್ನು ಅವರ ಹುಬ್ಬಿನ ಮೇಲೆ ಅಡ್ಡ ಇಟ್ಟೆ.

“ಕಣ್ಣು ಮುಚ್ಕೊಳ್ಳಿ ಅತ್ತೆ” ಅಂದೆ.

ನೀರು ಹಾಕಿದೆ.